ಟೆಲಿಕಾಂ ಟೆಸ್ಟಿಂಗ್‌ನಿಂದ ಎಂಬೆಡೆಡ್‌ಗೆ: ಊರಲ್ಲೇ ಇದ್ದುಕೊಂಡು ಆಗುತ್ತಾ?

ಉಡುಪಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ 30 ವರ್ಷ. ಎಲೆಕ್ಟ್ರಾನಿಕ್ಸ್ ಓದಿ ಬೆಂಗಳೂರಿನಲ್ಲಿ ಏಳು ವರ್ಷ ಟೆಲಿಕಾಂ ಪ್ರೊಟೊಕಾಲ್ ಟೆಸ್ಟಿಂಗ್ ಮಾಡಿದೆ. ಮೊದಲು ಎಲ್‌ಟಿಇ (4ಜಿ), ಆಮೇಲೆ 5ಜಿ. ಮೊಬೈಲು ನೆಟ್‌ವರ್ಕಿಗೆ ಸೇರುವಾಗ ಎರಡೂ ಕಡೆಯವು ಏನು ಮಾತಾಡಿಕೊಂಡವು ಎಂದು ಲಾಗ್ ಓದಿ ತಪ್ಪು ಹಿಡಿಯುವುದು ನನ್ನ ಕೆಲಸ. ಮೂರು ತಿಂಗಳ ಹಿಂದೆ ಆ ಪ್ರಾಜೆಕ್ಟ್ ಮುಚ್ಚಿತು. ಅಪ್ಪನಿಗೆ ಹುಷಾರಿಲ್ಲ, ಊರಿಗೆ ಬಂದಿದ್ದೇನೆ. ಮತ್ತೆ ಹೋಗುವ ಮನಸ್ಸಿಲ್ಲ.

ಗೆಳೆಯರೆಲ್ಲ ವೆಬ್ ಕಲಿ, ಎಲ್ಲಿ ಕೂತರೂ ಮಾಡಬಹುದು ಅನ್ನುತ್ತಾರೆ. ನನಗೆ ಎಂಬೆಡೆಡ್ ಇಷ್ಟ, ಅಂದರೆ ಯಂತ್ರಗಳ ಒಳಗಿನ ಪುಟ್ಟ ಕಂಪ್ಯೂಟರಿಗೆ ಕೋಡ್ ಬರೆಯುವುದು. ಆದರೆ ಸಿ ಭಾಷೆ ಬರೆದದ್ದು ಕಾಲೇಜಿನಲ್ಲೇ ಜಾಸ್ತಿ. ಈ ಕಡೆ ಇದ್ದುಕೊಂಡು ಅದು ಆಗುವ ಮಾತಾ? ಏಳು ವರ್ಷ ಸುಮ್ನೆ ಹೋಯಿತಾ? ಅನುಭವ ಇರುವವರು ಹೇಳಿ.

ಸುರತ್ಕಲ್‌ನಿಂದ

ತಮ್ಮಾ, ನಾನು ಈ ಕೆಲಸಕ್ಕೆ ಸೇರಿದ್ದು 1998ರಲ್ಲಿ. ಓದಿದ್ದು ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲೇ. ಆಗ ಅದು ಕೆಆರ್‌ಇಸಿ, ಎನ್‌ಐಟಿಕೆ ಆಗಿದ್ದು 2002ರಲ್ಲಿ. ಮೊದಲ ಕೆಲಸ ಎಸ್‌ಎಸ್7. ಅಂದರೆ ಒಂದು ಎಕ್ಸ್‌ಚೇಂಜು ಇನ್ನೊಂದಕ್ಕೆ "ಈ ನಂಬರಿಗೆ ಕರೆ ಇದೆ, ದಾರಿ ಕೊಡು" ಎಂದು ಹೇಳುವ ಭಾಷೆ. ಅದನ್ನು ಕಲಿತು ಮುಗಿಸುವಷ್ಟರಲ್ಲಿ ಹಳೆಯದಾಯಿತು ಎಂದರು. 3ಜಿ ಬಂತು. ನಾರ್ಟೆಲ್‌ನಂಥ ದೊಡ್ಡ ಕಂಪನಿ 2009ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿದಾಗ ನಮ್ಮ ಕ್ಯಾಂಟೀನಿನಲ್ಲಿ ಸಾವಿನ ಮನೆಯ ಮೌನ. 2016ರಲ್ಲಿ ನೋಕಿಯಾ ಅಲ್ಕಾಟೆಲ್-ಲೂಸೆಂಟನ್ನು ಕೊಂಡಿತು. ಈ ರಂಗದಲ್ಲಿ ಗೇಟಿನ ಮೇಲಿನ ಬೋರ್ಡು ನಂಬಬೇಡ.

ಆದರೆ ಒಂದು ನೋಡು. ಐಎಸ್‌ಡಿಎನ್ ಎಂಬ ಡಿಜಿಟಲ್ ಲ್ಯಾಂಡ್‌ಲೈನ್ ಕಾಲದ ಕ್ಯೂ.931 ಎಂಬ ನಿಯಮದಲ್ಲಿ ಕರೆಯೊಂದು ಸೆಟಪ್, ಅಲರ್ಟಿಂಗ್, ಕನೆಕ್ಟ್ ಎಂದು ಹೋಗುತ್ತಿತ್ತು. 2ಜಿ ಮೊಬೈಲಿನ ಜಿಎಸ್‌ಎಂ ಅದನ್ನೇ ಎತ್ತಿಕೊಂಡಿತು. ವೇಷ ಬದಲಾಯಿತು, ಪಾತ್ರ ಅದೇ. ಯಕ್ಷಗಾನದ ಊರಿನವನಿಗೆ ಇದನ್ನು ಬಿಡಿಸಿ ಹೇಳಬೇಕಾ! ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಎಷ್ಟು ಸಲ ಕೇಳಬೇಕು, ಯಾವಾಗ ಕೈಬಿಡಬೇಕು ಎಂಬ ಲೆಕ್ಕ ನಿನ್ನ ತಲೆಯಲ್ಲಿ ಏಳು ವರ್ಷದಿಂದ ಕೂತಿದೆ. ಎಂಬೆಡೆಡ್ ಕೋಡಿನಲ್ಲಿ ಹೆಚ್ಚಿನವರು ಎಡವುವುದು ಅಲ್ಲೇ.

ನಿನ್ನಲ್ಲಿ ಇಲ್ಲದ್ದನ್ನೂ ಹೇಳುತ್ತೇನೆ. ಸಿ ಗಟ್ಟಿಯಾಗಬೇಕು. ಪಾಯಿಂಟರ್ ಅಲ್ಲ, ಅದು ಹೇಗೂ ಬರುತ್ತದೆ. ಇಂಟರಪ್ಟ್ ಒಳಗೆ, ಅಂದರೆ ಹಾರ್ಡ್‌ವೇರ್ ಕರೆದಾಗ ನಡುವೆ ನುಗ್ಗಿ ಓಡುವ ಕೋಡಿನಲ್ಲಿ, ಒಂದು ವೇರಿಯಬಲ್ ಬದಲಾಯಿಸಿ, ಹೊರಗೆ ಅದನ್ನು ಕಾಯುತ್ತಾ ಕೂತು, "ಇದು ಯಾವಾಗ ಬೇಕಾದರೂ ಬದಲಾಗಬಹುದು" ಎಂದು ಕಂಪೈಲರಿಗೆ ಹೇಳುವ ವೊಲಟೈಲ್ ಹಾಕುವುದನ್ನು ಮರೆತು, ಕೋಡನ್ನು ಚುರುಕು ಮಾಡುವ ಆಪ್ಟಿಮೈಸೇಶನ್ ಆನ್ ಮಾಡಿದ ಕೂಡಲೇ ಕೆಲಸ ನಿಂತು ಒಂದು ದಿನ ಒದ್ದಾಡಬೇಕು. ಆ ಒಂದು ದಿನ ಯಾವ ಕೋರ್ಸಿನಲ್ಲೂ ಸಿಗುವುದಿಲ್ಲ. ಸರ್ಕ್ಯೂಟ್ ಚಿತ್ರ ಓದಲು ಕಲಿ. ಕಲಿಯಲು ಇಎಸ್‌ಪಿ32 ಎಂಬ ಒಂದು ಪುಟ್ಟ ಕಂಟ್ರೋಲರ್ ಬೋರ್ಡು, ತಂತಿಯಲ್ಲಿ ಓಡುವ ಸಿಗ್ನಲ್ ತೋರಿಸುವ ಒಂದು ಅಗ್ಗದ ಲಾಜಿಕ್ ಅನಲೈಸರ್ ಸಾಕು.

ಒಂದು ಆಟ ಹೇಳಿಕೊಡುತ್ತೇನೆ. ಪಣಂಬೂರು ಬಂದರಿಗೆ ಬರುವ ಹಡಗುಗಳು ತಮ್ಮ ಜಾಗ, ವೇಗ, ದಿಕ್ಕು ಎಲ್ಲ ರೇಡಿಯೊದಲ್ಲಿ ಕೂಗುತ್ತಾ ಇರುತ್ತವೆ. ಎಐಎಸ್ ಅನ್ನುತ್ತಾರೆ. 161.975 ಮತ್ತು 162.025 ಮೆಗಾಹರ್ಟ್ಸ್, ಸೆಕೆಂಡಿಗೆ 9600 ಬಿಟ್. ಆ ಬಿಟ್‌ಗಳನ್ನು ರೇಡಿಯೊ ಅಲೆಗೆ ಏರಿಸುವ ರೀತಿ, ಅಂದರೆ ಮಾಡ್ಯುಲೇಶನ್, ಯಾವುದು ಗೊತ್ತಾ? ಜಿಎಂಎಸ್‌ಕೆ. ನಮ್ಮ ಹಳೇ ಜಿಎಸ್‌ಎಂ ಬಳಸಿದ್ದೂ ಅದನ್ನೇ. ಯುಎಸ್‌ಬಿ ರೇಡಿಯೊ ಡಾಂಗಲ್ ತಂದು ತಾರಸಿ ಹತ್ತಿ ಕೇಳು, ಬಿಟ್ ಬಿಡಿಸುವ ಕೋಡನ್ನು ನೀನೇ ಬರೆ. ಇಂಟರ್‌ವ್ಯೂನಲ್ಲಿ ಅದನ್ನು ತೋರಿಸಿದರೆ ಸರ್ಟಿಫಿಕೇಟ್ ಯಾರೂ ಕೇಳುವುದಿಲ್ಲ. ಕೇಳುವುದು ಮಾತ್ರ ಮತ್ತೆ! ಮೊಬೈಲ್ ಬ್ಯಾಂಡಿನಲ್ಲಿ ಮನೆಯಿಂದ ಸಿಗ್ನಲ್ ಕಳಿಸುವ ಉಸಾಬರಿ ಬೇಡ, ಲೈಸೆನ್ಸ್ ಇಲ್ಲದೆ ಅದು ಅಪರಾಧ.

ಮೂಡುಬಿದಿರೆಯಿಂದ

ಸರ್ ಹೇಳಿದ್ದು ಚೆಂದ ಉಂಟು, ಆದರೆ ಹೊಟ್ಟೆಪಾಡಿನ ಮಾತನ್ನೂ ಯಾರಾದರೂ ಹೇಳಬೇಕಲ್ವಾ. ನಾನು ಆರು ವರ್ಷ ಫರ್ಮ್‌ವೇರ್ (ಯಂತ್ರದೊಳಗಿನ ಕೋಡು) ಮಾಡಿ ವೆಬ್‌ಗೆ ಹೋದೆ. ಈಗ ಲ್ಯಾಪ್‌ಟಾಪ್ ಒಂದೇ ನನ್ನ ಆಫೀಸು. ಬೋರ್ಡು ಸುಟ್ಟಿತು, ಕೇಬಲ್ ಸರಿಯಿಲ್ಲ ಎಂಬ ರಗಳೆ ಇಲ್ಲ. ಊರಲ್ಲೇ ಇರಬೇಕು ಎಂಬುದೇ ಮೊದಲ ಮಾತಾದರೆ ವೆಬ್ ಸುಲಭದ ದಾರಿ. ನನಗೆ ಬೇಸರವೂ ಇಲ್ಲ.

(ಸುಳ್ಳು ಹೇಳಬಾರದು. ಬರೆದ ಕೋಡಿಗೆ ರಿಲೇ ಸ್ವಿಚ್ಚು ಟಕ್ ಅಂದಾಗಿನ ಖುಷಿ ಇದರಲ್ಲಿ ಸಿಕ್ಕಿಲ್ಲ.)

ಮಣಿಪಾಲದಿಂದ

ನಾನು ನಾಲ್ಕು ವರ್ಷದಿಂದ ಮನೆಯಿಂದಲೇ ಫರ್ಮ್‌ವೇರ್ ಬರೆಯುತ್ತಿದ್ದೇನೆ. ಹಾಗಾಗಿ ಆಗುತ್ತದೆ. ಆದರೆ ಎಂತ ಕೆಲಸ ಎಂಬುದರ ಮೇಲೆ ಹೋಗುತ್ತದೆ. ಬೇಸ್ ಸ್ಟೇಷನ್ (ಟವರಿನ ಯಂತ್ರ) ಕೆಲಸವಾದರೆ ಲ್ಯಾಬ್ ಬೇಕು, ಅದು ಬೆಂಗಳೂರಿನಲ್ಲೇ. ಅಂಗೈಯಷ್ಟು ಬೋರ್ಡಾದರೆ ಕೊರಿಯರ್‌ನಲ್ಲಿ ಬರುತ್ತದೆ. ಯಾವಾಗಲೂ ಎರಡು ಕಳಿಸಿ ಎಂದು ಕೇಳಿ. ಒಂದು ಸುಟ್ಟರೆ ವಾರ ಹಾಳು.

ಮಳೆಗಾಲಕ್ಕೆ ಮೊದಲೇ ತಯಾರಾಗಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದ ತಕ್ಷಣ ನಾನು ಎಲ್ಲದರ ಪ್ಲಗ್ ಕಿತ್ತುಬಿಡುತ್ತೇನೆ, ನೆಟ್ ಕೇಬಲ್ ಸಹಿತ. ಒಮ್ಮೆ ಸಿಡಿಲು ಕರೆಂಟ್ ತಂತಿಯಲ್ಲಿ ಬರಲಿಲ್ಲ, ನೆಟ್ ಕೇಬಲ್ಲಿನಲ್ಲಿ ಬಂತು. ಜುಲೈ ಹೊತ್ತಿಗೆ ಕನೆಕ್ಟರ್ ಪಿನ್‌ಗಳಿಗೆ ಹಸಿರು ಕಿಲುಬು. ಬೋರ್ಡುಗಳನ್ನು ಹಪ್ಪಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಅತ್ತೆ ಎರಡು ಸಲ ಹಪ್ಪಳ ಎಂದೇ ತೆರೆದಿದ್ದಾರೆ.

ನನಗೆ ಪಾಠ ಕಲಿಸಿದ ಬಗ್ ಒಂದನ್ನು ಹೇಳಿ ಮುಗಿಸುತ್ತೇನೆ. ನನ್ನದೇ ಕೋಡು. ಟೇಬಲ್ ಮೇಲೆ ಎರಡು ವಾರ ಓಡಿಸಿ ಪಾಸ್ ಎಂದೆ. ಗಿರಾಕಿಯ ಕಡೆ ಒಂದೂವರೆ ತಿಂಗಳು ಕಳೆದ ಮೇಲೆ ಒಂದೊಂದೇ ಯಂತ್ರ ರೀಡಿಂಗ್ ಕಳಿಸುವುದನ್ನು ನಿಲ್ಲಿಸಿತು. ಮಿಲಿಸೆಕೆಂಡ್ ಎಣಿಸುವ 32 ಬಿಟ್ ಕೌಂಟರ್ 49.7 ದಿನಕ್ಕೆ ತುಂಬಿ ಸೊನ್ನೆಗೆ ಬರುತ್ತದೆ. ನಾನು ಮುಂದಿನ ಸಮಯವನ್ನು ಮೊದಲೇ ಕೂಡಿಸಿಟ್ಟು, ಈಗಿನದು ಅದನ್ನು ದಾಟಿತೇ ಎಂದು ನೋಡುತ್ತಿದ್ದೆ. ಈಗಿನದರಿಂದ ಹಿಂದಿನದನ್ನು ಕಳೆದು, ಎಷ್ಟು ಹೊತ್ತಾಯಿತು ಎಂದು ನೋಡಬೇಕಿತ್ತು. ಒಂದು ಸಾಲು ಅಷ್ಟೆ. ಈಗ ಕೌಂಟರನ್ನು ಸೊನ್ನೆಯಿಂದಲ್ಲ, ತುಂಬಲು ಒಂದು ನಿಮಿಷ ಇರುವ ಕಡೆಯಿಂದ ಶುರು ಮಾಡಿಯೇ ಟೆಸ್ಟ್ ಮಾಡುತ್ತೇನೆ.

ಮಂಗಳೂರಿನಿಂದ

ನಾನು ಇಂಜಿನಿಯರ್ ಅಲ್ಲ, ಡಿಪ್ಲೊಮಾ. ಅಡಿಕೆ ತೋಟದವರಿಗೆ ಮೊಬೈಲ್ ಸ್ಟಾರ್ಟರ್ ಮಾಡಿ ಕೊಡುತ್ತೇನೆ. ಮಿಸ್ಡ್ ಕಾಲ್ ಕೊಟ್ಟರೆ ಪಂಪ್ ಆನ್. ಇಲ್ಲಿ ಕೆಲಸ ಇಲ್ಲ ಅನ್ನುವವರು ಒಮ್ಮೆ ಬಂಟ್ವಾಳದ ಕಡೆ ತೋಟಗಳಿಗೆ ಬನ್ನಿ ಮಾರಾಯ್ರೆ.

ಸುರುವಿಗೆ 2ಜಿ ಮೋಡೆಮ್ ಹಾಕುತ್ತಿದ್ದೆ. ಅಂಗಡಿಯಲ್ಲಿ ಚೆನ್ನಾಗಿ ಓಡುತ್ತಿತ್ತು, ಗುಡ್ಡದ ಬುಡದ ತೋಟಕ್ಕೆ ಹೋದರೆ ತನ್ನಷ್ಟಕ್ಕೆ ರೀಸೆಟ್. ಮೋಡೆಮ್ಮೇ ಕಳಪೆ ಎಂದು ಬೈದೆ. ವಿಷಯ ಬೇರೆಯೇ ಇತ್ತು. ಟವರ್ ದೂರ ಆದರೆ ಅದು ಪೂರ್ತಿ ಶಕ್ತಿಯಲ್ಲಿ ಕೂಗುತ್ತದೆ. ಅರ್ಧ ಮಿಲಿಸೆಕೆಂಡ್ ಚಿಲ್ಲರೆ ಹೊತ್ತು 2 ಆಂಪಿಯರ್ ಎಳೆಯುತ್ತದೆ. ನನ್ನ ಸಪ್ಲೈ ಕುಸಿಯುತ್ತಿತ್ತು. ಮೋಡೆಮ್ ಪಕ್ಕದಲ್ಲೇ ದೊಡ್ಡ ಕೆಪಾಸಿಟರ್ ಹಾಕಿ, ತಂತಿ ದಪ್ಪ ಮಾಡಿದ ಮೇಲೆ ಸರಿಯಾಯಿತು. ಇರುವೆ, ಹಲ್ಲಿ ಪೆಟ್ಟಿಗೆಯೊಳಗೆ ಹೋಗುವ ಕತೆ ಬೇರೆ.

ಈಗ ಜಿಯೊ ಸಿಮ್ ಇರುವವರೇ ಜಾಸ್ತಿ, ಅದರಲ್ಲಿ 2ಜಿ ಇಲ್ಲ. ಹಾಗಾಗಿ 4ಜಿ ಮೋಡೆಮ್‌ಗೆ ಬಂದೆ. ಹೊಸ ತಲೆಬಿಸಿ ಶುರುವಾಗಿದೆ. ಜೋರು ಗಾಳಿಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಕೆಲವು ಸಲ ಮೋಡೆಮ್ ಎರಡು ನಿಮಿಷ ಒದ್ದಾಡಿ ಸುಮ್ಮನಾಗುತ್ತದೆ. 12 ನಿಮಿಷ ಮಾತಿಲ್ಲ. ಆಮೇಲೆ ತಾನೇ ನೆಟ್‌ವರ್ಕ್ ಹಿಡಿಯುತ್ತದೆ. ನನ್ನ ಕೋಡಿನಲ್ಲಿ 12 ನಿಮಿಷ ಅಂತ ಎಲ್ಲೂ ಇಲ್ಲ. ಮಾರಿದವರಲ್ಲಿ ಕೇಳಿದರೆ ಫರ್ಮ್‌ವೇರ್ ಅಪ್‌ಡೇಟ್ ಮಾಡಿ ಅನ್ನುತ್ತಾರೆ. ಪ್ರಶ್ನೆ ಕೇಳಿದವರದು ಬಿಟ್ಟು ನನ್ನದು ಹೇಳಿದೆ, ಬೇಸರ ಮಾಡಬೇಡಿ.

ಪ್ರಶ್ನೆ ಕೇಳಿದವನು

ಎಲ್ಲರಿಗೂ ಥ್ಯಾಂಕ್ಸ್. ನನ್ನದು ಆಮೇಲೆ. ಮಂಗಳೂರಿನ ಅಣ್ಣಾ, ಆ 12 ನಿಮಿಷ ನನಗೆ ಗೊತ್ತು!

ಅದು ಮೊಬೈಲ್ ನೆಟ್‌ವರ್ಕಿನ ನಿಯಮ ಬರೆಯುವ 3ಜಿಪಿಪಿಯ 24.301 ಎಂಬ ದಾಖಲೆಯಲ್ಲಿದೆ. ಮೋಡೆಮ್ ನೆಟ್‌ವರ್ಕಿಗೆ ಸೇರಿಸಿಕೊಳ್ಳಿ ಎಂದು ಕೇಳಿ 15 ಸೆಕೆಂಡ್ ಕಾಯುತ್ತದೆ. ಉತ್ತರ ಇಲ್ಲದಿದ್ದರೆ 10 ಸೆಕೆಂಡ್ ಬಿಟ್ಟು ಮತ್ತೆ ಕೇಳುತ್ತದೆ. ಐದು ಸಲ ಸೋತರೆ ಟಿ3402 ಎಂಬ ಟೈಮರ್ ಶುರು, ನೆಟ್‌ವರ್ಕ್ ಬೇರೆ ಹೇಳದಿದ್ದರೆ ಅದು 12 ನಿಮಿಷ. ನೀವು ಹೇಳಿದ ಎರಡು ನಿಮಿಷದ ಒದ್ದಾಟವೂ ಲೆಕ್ಕಕ್ಕೆ ಸರಿ ಬರುತ್ತದೆ. ಕರೆಂಟ್ ಬಂದಾಗ ಟವರ್ ಕಡೆಯೂ ಇನ್ನೂ ಸುಧಾರಿಸಿಕೊಂಡಿರಲಿಕ್ಕಿಲ್ಲ.

ಮೊದಲು ಲಾಗ್‌ನಲ್ಲಿ ಐದು ಪ್ರಯತ್ನ ಇದೆಯಾ ನೋಡಿ. ಇದ್ದರೆ, ಮೂರ್ನಾಲ್ಕು ನಿಮಿಷ ಆದರೂ ಸೇರದಿದ್ದಾಗ ಮೋಡೆಮ್ಮಿನ ಸಿಎಫ್‌ಯುಎನ್ ಕಮಾಂಡಿನಲ್ಲಿ 4 (ರೇಡಿಯೊ ಆಫ್) ಕೊಟ್ಟು, ಸ್ವಲ್ಪ ಬಿಟ್ಟು 1 (ಆನ್) ಕೊಡಿ. ಎಣಿಕೆ ಹೊಸದಾಗಿ ಶುರುವಾಗಬೇಕು. ಎಲ್ಲ ಸ್ಟಾರ್ಟರ್‌ಗಳಿಗೂ ಒಂದೇ ಸಮಯ ಇಡಬೇಡಿ. ಹತ್ತಿಪ್ಪತ್ತು ಪಂಪುಗಳು ಒಟ್ಟಿಗೆ ಟವರಿಗೆ ಮುತ್ತಿಗೆ ಹಾಕಿದರೆ ಮತ್ತೆ ಅದೇ ಕತೆ.

ಮಂಗಳೂರಿನಿಂದ

ಲಾಗ್ ನೋಡಿದೆ. ಐದೇ ಉಂಟು, ಸರಿಯಾಗಿ ಐದು. ಶನಿವಾರ ಪುರುಸೊತ್ತು ಉಂಟಾ? ಅಂಗಡಿಗೆ ಬನ್ನಿ, ಕೆಟ್ಟುಹೋದ ಸ್ಟಾರ್ಟರ್ ಹನ್ನೊಂದು ಉಂಟು. ಊಟ ನನ್ನ ಲೆಕ್ಕ, ಕೋಡಿಗೆ ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಮಾತ್ರ ಮೊದಲೇ ಹೇಳಿ.