ರಸ್ತೆಗೂ ನೋಂದಣಿ ಇರುವ ಎಂಡ್ಯೂರೋ ಬೈಕ್: ದಿನಾ ಕೆಲಸಕ್ಕೂ ಓಡಿಸಬಹುದಾ?

ಹೊಸಹಾದಿ:

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಕೆಟಿಎಂ 500 ಇಎಕ್ಸ್‌ಸಿ-ಎಫ್ ಒಂದನ್ನು ನೋಡಿಟ್ಟಿದ್ದೇನೆ. ಎಂಡ್ಯೂರೋ, ಅಂದರೆ ಕಾಡುದಾರಿಯ ದೀರ್ಘ ಸ್ಪರ್ಧೆಗೆ ಅಂತ ಮಾಡಿದ ಗಾಡಿ. ನಂಬರ್ ಪ್ಲೇಟ್, ಇಂಡಿಕೇಟರ್, ಕನ್ನಡಿ, ಹಾರ್ನ್ ಎಲ್ಲ ಇದೆ. ರಸ್ತೆಗೆ ನೋಂದಣಿಯೂ ಆಗಿದೆ. ಮೀಟರ್‌ನಲ್ಲಿ 130 ಗಂಟೆ, 3,900 ಕಿ.ಮೀ. ತೋರಿಸುತ್ತಿದೆ. ಇಷ್ಟು ದಿನ ನಾನು ಓಡಿಸಿದ್ದೆಲ್ಲ ಮಾಮೂಲಿ ರಸ್ತೆ ಗಾಡಿಗಳೇ. ಎಂಜಿನ್ ಎಷ್ಟು ಗಂಟೆ ಓಡಿದೆ ಅನ್ನೋ ಲೆಕ್ಕ ನನಗೆ ಹೊಸದು. 130 ಅಂದರೆ ಜಾಸ್ತಿನಾ, ಕಮ್ಮಿನಾ?

ವಾರಕ್ಕೆ ಐದು ದಿನ ಕೆಲಸಕ್ಕೆ ಹೋಗಬೇಕು. ಹೋಗೋಕೆ 20 ಕಿ.ಮೀ., ಬರೋಕೆ 20. ರಜೆ ಬಂದರೆ ಮಣ್ಣುದಾರಿ, ಕಲ್ಲಿನ ಏರು, ಹಳ್ಳ. ಎರಡಕ್ಕೂ ಇದೊಂದೇ ಗಾಡಿ ಸಾಕು ಅಂತ ನನ್ನ ಆಸೆ. ಪೆಟ್ರೋಲ್ ಬಿಟ್ಟರೆ 110 ಕೆಜಿ ಆಸುಪಾಸು ತೂಕವಂತೆ. ಸೈಡ್ ಸ್ಟ್ಯಾಂಡ್‌ನಿಂದ ಎತ್ತಿ ನಿಲ್ಲಿಸಿದ ಕ್ಷಣವೇ ಮನಸ್ಸು ಅದರ ಮೇಲೆ ಹೋಗಿಬಿಟ್ಟಿದೆ. ಆದರೆ ಮನಸ್ಸಿನ ಮಾತು ಕೇಳಿ ತಗೊಂಡು ಆಮೇಲೆ ಒದ್ದಾಡಬಾರದಲ್ವಾ? ಓಡಿಸುತ್ತಿರುವವರು ದಯವಿಟ್ಟು ಹೇಳಿ.

ಕೆಸರುಚಕ್ರ:

ಮೊದಲು ಆ ಎರಡು ಅಂಕಿ ಭಾಗಿಸಿ ನೋಡಿ. 3,900 ಕಿ.ಮೀ., 130 ಗಂಟೆ. ಗಂಟೆಗೆ ಸರಾಸರಿ 30 ಕಿ.ಮೀ. ಬರುತ್ತದೆ. ಸೆಕೆಂಡ್ ಹ್ಯಾಂಡ್ ಎಂಡ್ಯೂರೋ ನೋಡುವಾಗ ನಾನು ಮಾಡುವ ಮೊದಲ ಲೆಕ್ಕ ಇದೇ. ಸರಾಸರಿ 15-20 ಇದ್ದರೆ ಕಿರಿದಾದ ದಾರಿಯಲ್ಲಿ ಕ್ಲಚ್ ಹಿಡಿದು ಹಿಡಿದು ಓಡಿಸಿದ ಗಾಡಿ. 50ರ ಹತ್ತಿರ ಇದ್ದರೆ ಡಾಂಬರಿನ ಮೇಲೆ ಜಾಸ್ತಿ ಓಡಿದೆ. 30 ಅಂದರೆ ಎರಡೂ ಬೆರೆತಿದೆ. ಮೀಟರ್ ಬದಲಾಯಿಸಿಲ್ಲ ತಾನೇ, ಅದೊಂದನ್ನು ಕೇಳಿಕೊಳ್ಳಿ.

130 ಗಂಟೆಗೆ ಹೆದರಬೇಡಿ. ಆ 130 ಗಂಟೆ ಗಾಡಿಯನ್ನು ಹೇಗೆ ನೋಡಿಕೊಂಡಿದ್ದಾರೆ ಅನ್ನೋದೇ ಮುಖ್ಯ. ನನ್ನ ಹತ್ತಿರ ಇರುವುದೂ ಇದೇ 500. ಅದರ ಕೈಪಿಡಿಯಲ್ಲಿ 15 ಗಂಟೆಗೊಮ್ಮೆ ಎಂಜಿನ್ ಆಯಿಲ್, ಫಿಲ್ಟರ್ ಬದಲಾಯಿಸಿ, ಜಾಲರಿ ತೊಳೆಯಿರಿ ಅಂತ ಇದೆ. ಎಂಜಿನ್ ಒಳಗೆ ಇರೋದೇ 1.2 ಲೀಟರ್ ಆಯಿಲ್. 500 ಸಿಸಿಗೆ ಇದು ತೀರಾ ಕಮ್ಮಿ. ಕ್ಲಚ್ಚಿಗೂ ಗೇರ್‌ಬಾಕ್ಸಿಗೂ ಅದೇ ಆಯಿಲ್. ತೂಕ ಇಳಿಸೋಕೆ ಹಾಗೆ ಮಾಡಿದ್ದಾರೆ. ನೀವು ಎತ್ತಿ ನಿಲ್ಲಿಸಿದಾಗ ಖುಷಿ ಕೊಟ್ಟಿತಲ್ಲ, ಆ ಹಗುರದ ಒಂದು ಪಾಲು ಅಲ್ಲಿಂದಲೇ ಬಂದಿದೆ.

ಈಗ ನಿಮ್ಮ ಲೆಕ್ಕಕ್ಕೆ ಬನ್ನಿ. ದಿನಕ್ಕೆ 40 ಕಿ.ಮೀ. ಅಂದರೆ ಟ್ರಾಫಿಕ್ ಎಲ್ಲ ಸೇರಿ ಎಂಜಿನ್ ಸುಮಾರು ಒಂದು ಗಂಟೆ ಓಡುತ್ತದೆ. ವಾರಕ್ಕೆ ಐದು ಗಂಟೆ. ಮೂರು ವಾರಕ್ಕೆ 15 ಮುಗಿಯಿತು. ರಜಾ ದಿನದ ಮಣ್ಣುದಾರಿಗೆ ಇನ್ನೂ ಹೋಗೇ ಇಲ್ಲ, ಆಗಲೇ ಆಯಿಲ್ ಬದಲಾಯಿಸುವ ಹೊತ್ತು ಬಂತು. ವರ್ಷಪೂರ್ತಿ ಹೀಗೇ ಓಡಿಸಿದರೆ ಕೆಲಸದ ದಾರಿಯೊಂದೇ 250 ಗಂಟೆ ತಿನ್ನುತ್ತದೆ. ಪಿಸ್ಟನ್, ಕ್ರ್ಯಾಂಕ್ ಬೇರಿಂಗ್‌ಗಳ ಆಯುಷ್ಯವನ್ನು ಸಿಗ್ನಲ್‌ನಲ್ಲಿ ನಿಂತು ಕಳೆದ ಹಾಗೆ ಆಗುತ್ತದೆ. ನನಗೆ ಸಂಕಟ ಆಗೋದು ಅಲ್ಲೇ. ಗಾಡಿ ಕೆಟ್ಟು ನಿಲ್ಲುತ್ತದೆ ಅಂತಲ್ಲ. ಇಷ್ಟು ಒಳ್ಳೆಯ ಗಾಡಿಯ ಗಂಟೆಗಳನ್ನು ಬೇಡದ ಕಡೆ ಸುರಿಯಬೇಕಲ್ಲ ಅಂತ.

ಹಾಗಾದರೆ ಲೈಟು, ನಂಬರ್ ಪ್ಲೇಟ್ ಯಾಕೆ ಕೊಟ್ಟಿದ್ದಾರೆ ಅಂತ ಕೇಳಬಹುದು. ಎಂಡ್ಯೂರೋ ಸ್ಪರ್ಧೆ ಹುಟ್ಟಿದ್ದೇ ಹಾಗೆ. 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಆರು ದಿನಗಳ ಅಂತರರಾಷ್ಟ್ರೀಯ ಸ್ಪರ್ಧೆ ಮೊದಲು ನಡೆಯಿತು. 1981ರಿಂದ ಅದರ ಹೆಸರಿಗೇ ಎಂಡ್ಯೂರೋ ಸೇರಿಕೊಂಡಿದೆ. ಒಂದು ಕಾಡುದಾರಿಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಸವಾರರು ಸಾರ್ವಜನಿಕ ರಸ್ತೆಯಲ್ಲೇ ಹೋಗಬೇಕು, ಅಲ್ಲಿನ ಸಂಚಾರ ನಿಯಮ ಪಾಲಿಸಬೇಕು. ಅದಕ್ಕೇ ಲೈಟು, ಅದಕ್ಕೇ ಪ್ಲೇಟು. ಈ ಗಾಡಿಗೆ ರಸ್ತೆ ಅಂದರೆ ಎರಡು ಮಣ್ಣುದಾರಿಗಳ ನಡುವಿನ ಕೊಂಡಿ. ಹಾಗೆ ಓಡಿಸಿದರೆ ಇದಕ್ಕಿಂತ ಸುಖದ ಗಾಡಿ ಇನ್ನೊಂದಿಲ್ಲ. ಮನೆಯಿಂದಲೇ ಸ್ಟಾರ್ಟ್ ಮಾಡಿ ಹೊರಡಬಹುದು. ಟ್ರೈಲರ್ ಬೇಡ, ಪಿಕಪ್ ಬೇಡ. ಡಾಂಬರು ಮುಗಿಯುವ ಕಡೆ ಇಳಿದು ಟೈರ್ ಗಾಳಿ ಬಿಟ್ಟು, ಕನ್ನಡಿ ಒಳಕ್ಕೆ ತಿರುಗಿಸಿ, ಅಲ್ಲಿಂದ ನೇರ ಕಲ್ಲಿನ ಏರು.

ನಿಧಾನವೇಪ್ರಧಾನ:

ಕೆಸರುಚಕ್ರ ಅವರ ಲೆಕ್ಕ ಸರಿ. ಆದ್ದರಿಂದಲೇ ನಾನು ಬೇರೆ ದಾರಿ ಹೇಳುತ್ತೇನೆ. ಒಂದೇ ಗಾಡಿ ಇರಬೇಕು ಅಂದರೆ ಡ್ಯುಯಲ್ ಸ್ಪೋರ್ಟ್, ಅಂದರೆ ರಸ್ತೆಗೂ ಮಣ್ಣಿಗೂ ಅಂತಲೇ ಮಾಡಿದ ಗಾಡಿ ತಗೊಳ್ಳಿ. ಸುಝುಕಿ ಡಿಆರ್-ಝಡ್400ಎಸ್, ಹೋಂಡಾ ಸಿಆರ್‌ಎಫ್300ಎಲ್, ಇಲ್ಲವೇ ಚೆನ್ನಾಗಿ ಇಟ್ಟುಕೊಂಡಿರುವ ಯಮಹಾ ಡಬ್ಲ್ಯುಆರ್250ಆರ್. ಆ ಯಮಹಾದ ವಾಲ್ವ್ ನೋಡಬೇಕಾಗಿರೋದು ಸುಮಾರು 42,000 ಕಿ.ಮೀ.ಗೆ ಒಮ್ಮೆ. ಕೆಲಸಕ್ಕೆ ಓಡಿಸಿ, ರಜೆಗೆ ಅದನ್ನೇ ಮಣ್ಣಿಗೆ ಇಳಿಸಿ. ತೂಕ ಸ್ವಲ್ಪ ಜಾಸ್ತಿ, ಅಷ್ಟೇ. ಹೊಸಬರಿಗೆ 500ರ ಶಕ್ತಿಯೂ ಬೇಕಾಗಿಲ್ಲ.

ಕೆಸರುಚಕ್ರ:

ಕೆಲಸದ ದಾರಿಯ ವಿಷಯಕ್ಕೆ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. "ಸ್ವಲ್ಪ ಜಾಸ್ತಿ" ಅನ್ನೋದನ್ನು ಮಾತ್ರ ಒಪ್ಪಲ್ಲ. ಸಿಆರ್‌ಎಫ್300ಎಲ್, ಡಿಆರ್-ಝಡ್ ಎರಡೂ ಪೆಟ್ರೋಲ್ ಸೇರಿ 140 ಕೆಜಿ ದಾಟುತ್ತವೆ. ರಸ್ತೆಯಲ್ಲಿ ಆ ವ್ಯತ್ಯಾಸ ಗೊತ್ತೇ ಆಗಲ್ಲ. ಕಲ್ಲಿನ ಏರಿನ ಅರ್ಧದಲ್ಲಿ ಗಾಡಿ ಇಳಿಜಾರಿನ ಕಡೆ ಬಿದ್ದಾಗ, ಒಬ್ಬರೇ ಇದ್ದು ಮತ್ತೆ ಮತ್ತೆ ಎತ್ತಬೇಕಾದಾಗ ಗೊತ್ತಾಗುತ್ತದೆ. ಸಸ್ಪೆನ್ಶನ್ ವಿಷಯವೂ ಅಷ್ಟೆ. ಇಎಕ್ಸ್‌ಸಿಯ ಮುಂದಿನ ಫೋರ್ಕ್ 300 ಮಿ.ಮೀ. ಚಲಿಸುತ್ತದೆ. ಮುಷ್ಟಿ ಗಾತ್ರದ ಕಲ್ಲುಗಳ ಮೇಲೆ ಅದು ಮುಂದಿನ ಚಕ್ರವನ್ನು ನೆಲಕ್ಕೆ ಅಂಟಿಸಿ ಇಡುವ ರೀತಿ ಒಮ್ಮೆ ಕೈಗೆ ಸಿಕ್ಕರೆ ಬೇರೆ ಗಾಡಿ ಹತ್ತಿದಾಗ ಕೈಯೇ ಹೇಳುತ್ತದೆ.

ಅದಕ್ಕೇ ಹೊಸಹಾದಿಯವರೇ, ಈಗಿರುವ ಹಳೇ ರಸ್ತೆ ಬೈಕ್ ಮಾರಬೇಡಿ. ಅದು ಕೆಲಸಕ್ಕೆ, ಇದು ಮಣ್ಣಿಗೆ. ಎರಡು ಇಟ್ಟುಕೊಳ್ಳೋಕೆ ಜಾಗ ಇಲ್ಲ, ಒಂದೇ ಬೇಕು ಅನ್ನೋದಾದರೆ ನಿಧಾನವೇಪ್ರಧಾನ ಅವರ ಮಾತು ಕೇಳಿ.

ನೋಡೋಕೆ ಹೋದರೆ ಇಷ್ಟು ಗಮನಿಸಿ. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ಕಾದು, ತಣ್ಣಗಾದ ಮೇಲೆ ಸ್ಟಾರ್ಟ್ ಮಾಡಿಸಿ. ಬ್ಯಾಟರಿ ಚೆನ್ನಾಗಿದ್ದೂ ತಣ್ಣಗಿನ ಎಂಜಿನ್ ಹಿಡಿಯೋಕೆ ಸತಾಯಿಸಿದರೆ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಹತ್ತಿರ ಬಿಟ್ಟಿರುವ ಸಣ್ಣ ಸಂದು) ಬಿಗಿಯಾಗಿರಬಹುದು. ಚಳಿಯಲ್ಲಿ ಲಿಥಿಯಂ ಬ್ಯಾಟರಿ ಮಂಕಾಗಿರುತ್ತದೆ. ಹೆಡ್‌ಲೈಟ್ ಒಂದು ನಿಮಿಷ ಹಾಕಿಟ್ಟು ಆಮೇಲೆ ಒತ್ತಿದರೆ ಎದ್ದೇಳುತ್ತದೆ. ಅದನ್ನು ಎಂಜಿನ್ ತೊಂದರೆ ಅಂದುಕೊಳ್ಳಬೇಡಿ.

ಆಮೇಲೆ ಏರ್ ಫಿಲ್ಟರ್ ತೆಗೆಸಿ. ಇದು ತುಂಬ ಮುಖ್ಯ. ಫೋಮ್ ಫಿಲ್ಟರ್ ಆಚೆ ತೆಗೆದ ಮೇಲೆ ಹಿಂದಿನ ರಬ್ಬರ್ ಕೊಳವೆಯ ಒಳಗೋಡೆಗೆ ಬಿಳಿ ಬಟ್ಟೆ ಸುತ್ತಿದ ಬೆರಳಿಟ್ಟು ಒರೆಸಿ. ಬಟ್ಟೆ ಹಾಗೇ ಇದ್ದರೆ ಸಂತೋಷ. ನುಣ್ಣಗಿನ ಧೂಳು ಹತ್ತಿದರೆ, ಬೆರಳ ನಡುವೆ ಮರಳಿನ ಹಾಗೆ ಕರಕರ ಅಂದರೆ, ಆ ಧೂಳು ಎಂಜಿನ್ ಒಳಗೂ ಹೋಗಿದೆ. ಇನ್‌ಟೇಕ್ ವಾಲ್ವ್, ಪಿಸ್ಟನ್ ರಿಂಗ್ ಎರಡನ್ನೂ ಅದು ಸವೆಸುತ್ತದೆ. ಎಷ್ಟೇ ಹೊಳೆಯುವ ಗಾಡಿ ಆದರೂ ಅಲ್ಲಿಂದಲೇ ವಾಪಸ್ ಬನ್ನಿ.

ಹಿಂದಿನ ಚಕ್ರ ನೆಲ ಬಿಡುವ ಹಾಗೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ಹಿಡಿದು ಮೇಲೆ ಕೆಳಗೆ, ಆಚೆ ಈಚೆ ಅಲ್ಲಾಡಿಸಿ. ಕಟಕ್ ಅಂದರೆ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಬೇರಿಂಗ್ ಅಥವಾ ಶಾಕ್‌ನ ಬೇರಿಂಗ್ ಹೋಗಿದೆ. ಸ್ಪೋಕ್‌ಗಳನ್ನು ಸಣ್ಣ ಸ್ಪ್ಯಾನರ್‌ನಿಂದ ತಟ್ಟಿ. ಎಲ್ಲವೂ ಒಂದೇ ದನಿ ಕೊಡಬೇಕು. ಸಡಿಲ ಇದ್ದರೆ ಸತ್ತ ಸದ್ದು ಬರುತ್ತದೆ. ಆಯಿಲ್ ಬದಲಾಯಿಸಿದ ಲೆಕ್ಕ ಪುಸ್ತಕದಲ್ಲಿ ಬರೆದಿಟ್ಟಿದ್ದಾರಾ ಕೇಳಿ. ಗಂಟೆ ಬರೆದಿಡುವ ಮಾಲೀಕರ ಗಾಡಿ ನಂಬಬಹುದು.

ನೋಂದಣಿ ಪತ್ರದಲ್ಲಿರುವ ಫ್ರೇಮ್ ನಂಬರ್ ತಾಳೆ ನೋಡಿ. ಸೈಲೆನ್ಸರ್ ಕಂಪನಿಯದ್ದೇನಾ, ಬೇರೆ ಹಾಕಿದ್ದಾರಾ ಅದನ್ನೂ ನೋಡಿ. ರಸ್ತೆಗೆ ಒಪ್ಪಿಗೆ ಸಿಕ್ಕಿರೋದು ಕಂಪನಿಯಿಂದ ಬಂದ ಸ್ಥಿತಿಯ ಗಾಡಿಗೆ. ಹಳೇದನ್ನು ಕೊಡುತ್ತಾರಾದರೆ ಕೇಳಿ ಇಸ್ಕೊಂಡು ಅದನ್ನೇ ಹಾಕಿ. ಇದನ್ನು ಕಾನೂನಿಗೆ ಹೆದರಿ ಹೇಳುತ್ತಿಲ್ಲ. ಶಬ್ದ ಜಾಸ್ತಿ ಆದ ಕಡೆ ಜನ ದೂರು ಕೊಡುತ್ತಾರೆ, ದಾರಿಗೆ ಗೇಟ್ ಬೀಳುತ್ತದೆ. ಒಮ್ಮೆ ಮುಚ್ಚಿದ ದಾರಿ ಮತ್ತೆ ತೆರೆಯೋದು ಬಹಳ ಅಪರೂಪ. ಸದ್ದಿಲ್ಲದೆ ಓಡಿಸೋದು ನಮ್ಮ ನಂತರ ಬರುವ ಸವಾರರಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರ.

ಮಳೆಹಾದಿ:

ಎತ್ತರದ ಬಗ್ಗೆ ಯಾರೂ ಹೇಳಿಲ್ಲ. ಈ ಗಾಡಿಯ ಸೀಟು ನೆಲದಿಂದ ಸುಮಾರು 960 ಮಿ.ಮೀ. ಇದೆ. ನಾನು ಅಷ್ಟೇನೂ ಎತ್ತರದವಳಲ್ಲ, ಎರಡೂ ಕಾಲು ಊರೋಕೆ ಆಗಲ್ಲ. ಆದರೂ ಇಂಥದ್ದೇ ಗಾಡಿಯನ್ನು ಆರಾಮಾಗಿ ಓಡಿಸುತ್ತೇನೆ. ನಿಲ್ಲಿಸುವ ಮುಂಚೆ ಸೀಟಿನ ಒಂದು ಬದಿಗೆ ಜಾರಿ ಒಂದೇ ಕಾಲು ಪೂರ್ತಿ ಊರಿ. ನೆಲ ಯಾವ ಕಡೆ ಉಬ್ಬಿದೆ ಅಂತ ನೋಡಿ ಆ ಕಡೆ ನಿಲ್ಲಿಸಿ. ಕೆಲವೇ ದಿನದಲ್ಲಿ ಅಭ್ಯಾಸ ಆಗುತ್ತದೆ.

ತಗೊಂಡ ತಕ್ಷಣ ಗಾಡಿ ಕುಗ್ಗಿಸೋಕೆ ಹೋಗಬೇಡಿ ಅಂತ ಕೇಳಿಕೊಳ್ಳುತ್ತೇನೆ. ಮೊದಲು ನಿಮ್ಮ ತೂಕಕ್ಕೆ ಹಿಂದಿನ ಸ್ಪ್ರಿಂಗ್ ಹೊಂದಿಸಿ. ಹೆಲ್ಮೆಟ್, ಬೂಟ್, ನೀರಿನ ಚೀಲ ಎಲ್ಲ ಹಾಕಿಕೊಂಡು ಹತ್ತಿ ನಿಂತಾಗ ಹಿಂಭಾಗ ಸುಮಾರು 110 ಮಿ.ಮೀ. ಇಳಿಯಬೇಕು. ಅಂದರೆ ಒಟ್ಟು ಚಲನೆಯ ಮೂರನೇ ಒಂದು ಪಾಲು. ಬೇರೊಬ್ಬರು ಅವರ ತೂಕಕ್ಕೆ ಬಿಗಿ ಮಾಡಿಟ್ಟ ಗಾಡಿ ನಿಮಗೆ ಎತ್ತರ ಅನ್ನಿಸೋದು ಸಹಜ. ಅದು ಸರಿಯಾದರೆ ಅರ್ಧ ಭಯ ಹೋಗುತ್ತದೆ.

ಹೊಸಹಾದಿ:

ಎಲ್ಲರಿಗೂ ಥ್ಯಾಂಕ್ಸ್. ಹಳೇ ಬೈಕ್ ಇಟ್ಟುಕೊಳ್ಳುತ್ತೇನೆ, ಅದು ತೀರ್ಮಾನ ಆಯಿತು. ಮಣ್ಣುದಾರಿ ಶುರುವಾಗುವ ಜಾಗಕ್ಕೆ ನಮ್ಮ ಮನೆಯಿಂದ 35 ಕಿ.ಮೀ. ದೊಡ್ಡ ರಸ್ತೆ ಇದೆ. ಅದನ್ನು ಹೇಗೆ ದಾಟಿಸಲಿ? ಮುಂದೆ 13 ಹಲ್ಲು, ಹಿಂದೆ 50 ಹಲ್ಲಿನ ಸ್ಪ್ರಾಕೆಟ್ ಇದೆಯಂತೆ. ಟೈರ್ ಗಾಳಿ ಎಷ್ಟು ಇಡಲಿ?

ಕೆಸರುಚಕ್ರ:

35 ಕಿ.ಮೀ. ದಾಟೋಕೆ ಏನೂ ತೊಂದರೆ ಇಲ್ಲ. ಮುಂದೆ 14 ಹಲ್ಲಿನದ್ದು ಹಾಕಿಕೊಳ್ಳಿ. ಅದೇ ವೇಗಕ್ಕೆ ಎಂಜಿನ್ ಸುಮಾರು 7 ಶೇಕಡಾ ಕಮ್ಮಿ ತಿರುಗುತ್ತದೆ. ಹಿಂದೆ ಮೂರ್ನಾಲ್ಕು ಹಲ್ಲು ಕಮ್ಮಿ ಮಾಡಿದಷ್ಟೇ ಪರಿಣಾಮ. 500ಕ್ಕೆ ಕೆಳಗಿನ ಎಳೆತ ಚೆನ್ನಾಗಿರೋದರಿಂದ ಮಣ್ಣಿನಲ್ಲೂ 14 ನಡೆಯುತ್ತದೆ. ತೀರಾ ಕಡಿದಾದ ಜಾಗಕ್ಕೆ 13 ಇಟ್ಟುಕೊಂಡಿರಿ.

ರಸ್ತೆಯಲ್ಲಿ ಒಂದೇ ವೇಗದಲ್ಲಿ ಎಳೆಯುತ್ತಾ ಹೋಗಬೇಡಿ. ಮಾಮೂಲಿ ರಸ್ತೆ ಗಾಡಿಗೆ ಹಿಂದಿನ ಹಬ್‌ನಲ್ಲಿ ಜರ್ಕ್ ತಡೆಯುವ ರಬ್ಬರ್ ಇರುತ್ತದೆ. ಇದರಲ್ಲಿ ಇಲ್ಲ. ಎಂಜಿನ್‌ನ ಒಂದೊಂದು ಹೊಡೆತವೂ ಚೈನ್ ಮೂಲಕ ನೇರ ಗೇರ್‌ಬಾಕ್ಸಿಗೆ ವಾಪಸ್ ಬರುತ್ತದೆ. ಥ್ರಾಟಲ್ ಮೆತ್ತಗೆ ಕೊಡಿ, ಮೆತ್ತಗೆ ಬಿಡಿ.

ಟೈರ್ ಗಾಳಿ ಟ್ಯೂಬ್ ಮೇಲೆ, ನಿಮ್ಮ ತೂಕದ ಮೇಲೆ ಹೋಗುತ್ತದೆ. ನಾನು ಮಣ್ಣಿಗೆ 13-14 ಪಿಎಸ್‌ಐ ಇಡುತ್ತೇನೆ, ರಸ್ತೆಗೆ 20ರ ಮೇಲೆ. ಸಣ್ಣ ಕೈಪಂಪ್ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ಒದ್ದೆ ಡಾಂಬರಿನಲ್ಲಿ ದೊಡ್ಡ ಗುಬುಟಿನ ಟೈರ್ ಮೇಲೆ ಜಾಸ್ತಿ ವಾಲಬೇಡಿ. ಅಂಚಿನ ಗುಬುಟುಗಳು ಬಾಗಿ ಹಠಾತ್ತನೆ ಜಾರುತ್ತವೆ. ವೇಗ 80 ದಾಟಿದಾಗ ಹಿಂಭಾಗ ಕುಣಿದ ಹಾಗೆ ಅನ್ನಿಸಿದರೆ ಅದು ಟೈರ್ ರಿಮ್ ಮೇಲೆ ಜಾರದಂತೆ ಹಿಡಿಯುವ ರಿಮ್ ಲಾಕ್‌ನ ತೂಕ. ಅದರ ಎದುರು ಬದಿಯ ಸ್ಪೋಕ್‌ಗಳಿಗೆ ತೂಕ ಕಟ್ಟಿದರೆ ನಿಲ್ಲುತ್ತದೆ.

ಸ್ಪ್ರಾಕೆಟ್ ಬದಲಾಯಿಸಿದ ಮೇಲೆ ಚೈನ್ ಅಳತೆ ತಪ್ಪದೆ ನೋಡಿ. ರಸ್ತೆ ಗಾಡಿಯಿಂದ ಬಂದವರು 30 ಮಿ.ಮೀ. ಸಡಿಲ ಸಾಕು ಅಂತ ಎಳೆದು ಬಿಗಿ ಮಾಡುತ್ತಾರೆ. ಇದರ ಕೈಪಿಡಿಯಲ್ಲಿರೋದು 55ರಿಂದ 58 ಮಿ.ಮೀ. ಸ್ವಿಂಗ್ ಆರ್ಮ್ ಮೇಲಕ್ಕೆ ಬಂದು ಎರಡು ಸ್ಪ್ರಾಕೆಟ್, ಆ ಆರ್ಮ್ ತಿರುಗುವ ಪಿವೋಟ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ತಾನಾಗೇ ಬಿಗಿಯಾಗುತ್ತದೆ. ಮೊದಲೇ ಬಿಗಿ ಇದ್ದರೆ ಎಳೆತವೆಲ್ಲ ಗೇರ್‌ಬಾಕ್ಸಿನ ಔಟ್‌ಪುಟ್ ಬೇರಿಂಗ್ ಮೇಲೆ ಬೀಳುತ್ತದೆ. ನಿಂತ ಗಾಡಿಯಲ್ಲಿ ಚೈನ್ ಜೋತುಬಿದ್ದ ಹಾಗೆ ಕಾಣುತ್ತದೆ, ಇರಲಿ ಬಿಡಿ.