ಮೂರೇ ಸಚಿವಸ್ಥಾನ ಪಡೆದ ನಾಜಿಗಳ ಕೈಗೆ ಜರ್ಮನಿ ಸಿಕ್ಕಿದ್ದು ಹೇಗೆ?

ಪ್ರಶ್ನೆ: ಇತಿಹಾಸದ ಮೇಷ್ಟ್ರು

ಪದವಿ ತರಗತಿಯಲ್ಲಿ ಎರಡು ಮಹಾಯುದ್ಧಗಳ ನಡುವಿನ ಯುರೋಪಿನ ಪಾಠ ಮಾಡುವಾಗ ನನಗೆ ಸಮಾಧಾನವಾಗುವಂತೆ ವಿವರಿಸಲಾಗದ ಘಟ್ಟವೊಂದಿದೆ. 1932ರ ಜುಲೈ ಚುನಾವಣೆಯಲ್ಲಿ 230 ಸ್ಥಾನ ಗೆದ್ದಿದ್ದ ನಾಜಿ ಪಕ್ಷ ನವೆಂಬರ್ ಚುನಾವಣೆಯಲ್ಲಿ 196ಕ್ಕೆ ಇಳಿದಿತ್ತು. ಪಕ್ಷದ ಬೊಕ್ಕಸ ಬರಿದಾಗಿತ್ತು. ಡಿಸೆಂಬರ್‌ನಲ್ಲಿ ಗ್ರೆಗರ್ ಸ್ಟ್ರಾಸರ್‌ನಂತಹ ಹಿರಿಯ ನಾಯಕನೇ ತನ್ನ ಹುದ್ದೆಗಳನ್ನು ತೊರೆದಿದ್ದ. ಆಗಸ್ಟ್‌ನಲ್ಲಿ ಹಿಟ್ಲರ್ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಪದವಿ ಕೇಳಿದಾಗ ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗ್ ಮುಖಕ್ಕೆ ಹೊಡೆದಂತೆ ಇಲ್ಲವೆಂದಿದ್ದರು. ಹೀಗಿರುವಾಗ 1933ರ ಜನವರಿ 30ರಂದು ಅದೇ ಪದವಿಯನ್ನು ಅದೇ ಮನುಷ್ಯನಿಗೆ ಕರೆದು ಕೊಟ್ಟದ್ದೇಕೆ? ‘ಜನ ಮರುಳೋ ಜಾತ್ರೆ ಮರುಳೋ’ ಎಂದು ವಿದ್ಯಾರ್ಥಿಗಳು ಮತದಾರರ ಮೇಲೆ ಹೊರೆ ಹಾಕಿಬಿಡುತ್ತಾರೆ. ಆದರೆ ಮುಕ್ತವಾಗಿ ನಡೆದ ಯಾವ ಚುನಾವಣೆಯಲ್ಲೂ ಆ ಪಕ್ಷಕ್ಕೆ ಬಹುಮತ ಬಂದಿರಲಿಲ್ಲವಲ್ಲ? ರಾಜಕೀಯದಲ್ಲಿ ಪಳಗಿದ ಮಾಜಿ ಚಾನ್ಸಲರ್ ಪಾಪೆನ್, ಬಲಪಂಥೀಯ ರಾಷ್ಟ್ರವಾದಿ ಪಕ್ಷದ ನಾಯಕ ಹೂಗೆನ್‌ಬರ್ಗ್ ಮೊದಲಾದವರಿಗೆ ಹಿಟ್ಲರ್ ಎಂಥವನೆಂದು ನಿಜವಾಗಿಯೂ ಗೊತ್ತಿರಲಿಲ್ಲವೇ?

ಉತ್ತರ: ಹಳೆಯ ಕಡತ

ಮೇಷ್ಟ್ರೇ, ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. 1923ರಲ್ಲಿ ಮ್ಯೂನಿಕ್‌ನಲ್ಲಿ ಸರ್ಕಾರ ಉರುಳಿಸಲು ಹೋಗಿ ಜೈಲು ಸೇರಿದ್ದವನ ಉದ್ದೇಶ ಯಾರಿಗೂ ಗುಟ್ಟಾಗಿರಲಿಲ್ಲ. ಅವರು ಎಡವಿದ್ದು ಆ ಮನುಷ್ಯನ ಗುಣ ಅಳೆಯುವುದರಲ್ಲಿ ಅಷ್ಟಾಗಿ ಅಲ್ಲ, ಅಧಿಕಾರ ಎಲ್ಲಿರುತ್ತದೆ ಎಂಬ ಲೆಕ್ಕದಲ್ಲಿ ಎಂಬುದು ನನ್ನ ಅಭಿಪ್ರಾಯ. ಸಂಪುಟದಲ್ಲಿ ಹಿಟ್ಲರನೂ ಸೇರಿ ನಾಜಿಗಳು ಮೂವರೇ. ಪಾಪೆನ್ ಉಪಚಾನ್ಸಲರ್ ಆದ. ತಾನು ಜೊತೆಗಿಲ್ಲದೆ ಹಿಟ್ಲರ್ ರಾಷ್ಟ್ರಾಧ್ಯಕ್ಷರನ್ನು ಕಾಣುವಂತಿಲ್ಲ ಎಂಬ ಏರ್ಪಾಡನ್ನೂ ಮಾಡಿಕೊಂಡ. ಹೂಗೆನ್‌ಬರ್ಗ್‌ಗೆ ಆರ್ಥಿಕ ವ್ಯವಹಾರ ಮತ್ತು ಕೃಷಿ ಖಾತೆಗಳು ಸಿಕ್ಕವು. ಆತಂಕಪಟ್ಟ ಸ್ನೇಹಿತರಿಗೆ ಪಾಪೆನ್, ಎರಡು ತಿಂಗಳಲ್ಲಿ ಅವನನ್ನು ಮೂಲೆಗೆ ತಳ್ಳಿಬಿಡುತ್ತೇವೆ ಎಂಬರ್ಥದ ಮಾತು ಹೇಳಿದನೆಂದು ದಾಖಲಾಗಿದೆ.

ಎಣಿಸದೆ ಬಿಟ್ಟದ್ದು ಪೊಲೀಸರನ್ನು. ಮೂವರಲ್ಲಿ ಒಬ್ಬನಾದ ಗೋರಿಂಗ್‌ಗೆ ಕೇಂದ್ರದಲ್ಲಿ ಖಾತೆಯೇ ಇರಲಿಲ್ಲ, ಆದರೆ ಪ್ರಷ್ಯ ರಾಜ್ಯದ ಒಳಾಡಳಿತ ಅವನ ಕೈಗೆ ಹೋಯಿತು. ಜರ್ಮನಿಯ ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಪಾಲು ಪ್ರಷ್ಯದಲ್ಲಿತ್ತು. ಅಲ್ಲಿನ ಪೊಲೀಸ್ ಪಡೆಯೇ ದೇಶದ ಅತಿ ದೊಡ್ಡ ಪಡೆ. ವಿಪರ್ಯಾಸವೆಂದರೆ ಆ ಬಾಗಿಲನ್ನು ತೆರೆದಿಟ್ಟವನೂ ಪಾಪೆನ್‌ನೇ. 1932ರ ಜುಲೈ 20ರಂದು, ತಾನು ಚಾನ್ಸಲರ್ ಆಗಿದ್ದಾಗ, ರಾಷ್ಟ್ರಾಧ್ಯಕ್ಷರಿಗೆ ತುರ್ತು ಅಧಿಕಾರ ಕೊಡುವ ಸಂವಿಧಾನದ 48ನೆಯ ವಿಧಿಯ ನೆಪದಲ್ಲಿ ಪ್ರಷ್ಯದ ಸರ್ಕಾರವನ್ನು ಕಿತ್ತುಹಾಕಿ ಅಲ್ಲಿನ ಆಡಳಿತವನ್ನು ಕೇಂದ್ರದ ವಶಕ್ಕೆ ತೆಗೆದುಕೊಂಡಿದ್ದ. 1933ರ ಫೆಬ್ರವರಿ ಮುಗಿಯುವ ಮೊದಲೇ ಗೋರಿಂಗ್ ಸುಮಾರು 50,000 ಮಂದಿಯನ್ನು ಸಹಾಯಕ ಪೊಲೀಸರನ್ನಾಗಿ ನೇಮಿಸಿದ. ಅವರಲ್ಲಿ ಬಹುಪಾಲು ಅವನ ಪಕ್ಷದ ಖಾಸಗಿ ಪಡೆಗಳವರು.

ಪ್ರಮಾಣವಚನದ ಬೆಳಗ್ಗೆ ನಡೆದ ಒಂದು ಸಂಗತಿಯನ್ನು ನಿಮ್ಮ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿ. ಕೂಡಲೇ ಮತ್ತೊಂದು ಚುನಾವಣೆ ನಡೆಯಬೇಕೆಂದು ಹಿಟ್ಲರ್ ಪಟ್ಟು ಹಿಡಿದಾಗ, ಅದರ ಅಪಾಯವನ್ನು ಅರಿತ ಹೂಗೆನ್‌ಬರ್ಗ್ ಒಪ್ಪದೆ ವಾದಿಸುತ್ತಲೇ ನಿಂತ. ನಿಗದಿಯಾದ ಸಮಯ ಮೀರುತ್ತಿತ್ತು. ಹಿಂಡೆನ್‌ಬರ್ಗ್ ಅವರನ್ನು ಕಾಯಿಸಬೇಡಿ ಎಂದು ಅವರ ಕಚೇರಿಯ ಮುಖ್ಯಸ್ಥ ಮೈಸ್ನರ್ ಅವಸರಪಡಿಸಿದ. ವಾದ ಅಲ್ಲಿಗೇ ನಿಂತಿತು, ಎಲ್ಲರೂ ಒಳಗೆ ಹೋದರು. ಮಾರ್ಚ್ 5ರ ಆ ಚುನಾವಣೆ ನಡೆದದ್ದು ಈ ಸಹಾಯಕ ಪೊಲೀಸರ ಕಾವಲಿನಲ್ಲಿ, ಸಂಸತ್ ಭವನಕ್ಕೆ ಬೆಂಕಿ ಬಿದ್ದ ನೆಪದಲ್ಲಿ ನಾಗರಿಕ ಹಕ್ಕುಗಳನ್ನೆಲ್ಲ ಅಮಾನತಿನಲ್ಲಿಟ್ಟ ಮೇಲೆ. ಅಷ್ಟಾದರೂ ನಾಜಿಗಳಿಗೆ ಬಂದದ್ದು ಶೇ. 43.9 ಮತ. ಹೂಗೆನ್‌ಬರ್ಗ್ ಜೂನ್‌ನಲ್ಲಿ ರಾಜೀನಾಮೆ ಕೊಟ್ಟು ಮನೆಗೆ ಹೋದ. ಪಾಪೆನ್‌ನ ಆಪ್ತ ಸಹಾಯಕ ಬೋಸೆಯನ್ನು 1934ರ ಜೂನ್ 30ರಂದು ಉಪಚಾನ್ಸಲರ್ ಕಚೇರಿಯಲ್ಲಿಯೇ ಗುಂಡಿಟ್ಟು ಕೊಂದರು.

ಉತ್ತರ: ತುಂಗಾತೀರ

ಮೇಲಿನ ಉತ್ತರವನ್ನು ಒಪ್ಪುತ್ತಲೇ ಒಂದು ತಕರಾರು. ಬಲಪಂಥೀಯರನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸಿದರೆ ಚಿತ್ರ ಅರ್ಧವಾಗುತ್ತದೆ. ಅದೇ ನವೆಂಬರ್ ಚುನಾವಣೆಯಲ್ಲಿ ಸೋಷಿಯಲ್ ಡೆಮಾಕ್ರಟರಿಗೆ 121, ಕಮ್ಯುನಿಸ್ಟರಿಗೆ 100 ಸ್ಥಾನಗಳಿದ್ದವು. ಎರಡನ್ನೂ ಕೂಡಿಸಿದರೆ ನಾಜಿಗಳಿಗಿಂತ ಹೆಚ್ಚು. ಆದರೆ ಕಮ್ಯುನಿಸ್ಟ್ ಪಕ್ಷವು ಮಾಸ್ಕೋ ಹಾಕಿಕೊಟ್ಟ ಹಾದಿ ಹಿಡಿದು ಸೋಷಿಯಲ್ ಡೆಮಾಕ್ರಟರನ್ನೇ ‘ಸೋಷಿಯಲ್ ಫ್ಯಾಸಿಸ್ಟರು’ ಎಂದು ಹಳಿಯುತ್ತಿತ್ತು. ಹಿಟ್ಲರ್ ಬಂದರೂ ಬಹುಕಾಲ ಬಾಳಲಾರ, ಮುಂದಿನ ಸರದಿ ತಮ್ಮದೇ ಎಂದು ನಂಬಿತ್ತು. ಕೀಳಂದಾಜು ಮಾಡಿದವರಲ್ಲಿ ಅವನನ್ನು ಬಾಡಿಗೆಗೆ ತಂದವರು ಇದ್ದಂತೆ, ಅವನು ತಾನಾಗಿಯೇ ಕುಸಿಯುತ್ತಾನೆಂದು ಕಾದು ಕುಳಿತವರೂ ಇದ್ದರು.

ಇತಿಹಾಸದ ಮೇಷ್ಟ್ರು

ಇಬ್ಬರಿಗೂ ಧನ್ಯವಾದಗಳು. ಮೈಸ್ನರ್‌ನ ಪ್ರಸಂಗ ನನಗೆ ಹೊಸದು. ಅದೇ ಕಾಲದಲ್ಲಿ ಇಂಥವನೊಬ್ಬನನ್ನು ಸರಿಯಾಗಿ ಅಂದಾಜು ಮಾಡಿ ತಡೆದ ಉದಾಹರಣೆ ಎಲ್ಲಾದರೂ ಇದೆಯೇ?

ಉತ್ತರ: ಹಳೆಯ ಕಡತ

ಇದೆ, ಬೆಲ್ಜಿಯಂನಲ್ಲಿ. ಮೂವತ್ತು ತುಂಬದ ಲಿಯೋನ್ ಡೆಗ್ರೆಲ್ ಎಂಬ ಮಾತಿನ ಮಲ್ಲ ಭ್ರಷ್ಟರನ್ನು ಗುಡಿಸಿಹಾಕುತ್ತೇನೆ ಎಂದು ಪೊರಕೆಯನ್ನೇ ಗುರುತಾಗಿಸಿಕೊಂಡು, 1936ರಲ್ಲಿ ತನ್ನ ರೆಕ್ಸ್ ಪಕ್ಷಕ್ಕೆ 202ರಲ್ಲಿ 21 ಸ್ಥಾನ ಗಳಿಸಿಕೊಟ್ಟ. ಆ ಮತಗಳಲ್ಲಿ ಬಹಳಷ್ಟು ಕ್ಯಾಥೊಲಿಕ್ ಪಕ್ಷದಿಂದ ಹರಿದುಹೋದವು. ಅವನೊಡನೆ ಕೈಜೋಡಿಸಿ ಕಳೆದದ್ದನ್ನು ಮರಳಿ ಪಡೆಯೋಣ ಎಂಬ ಆಸೆ ಆ ಪಕ್ಷದ ಕೆಲವರಲ್ಲಿಯೂ ಇತ್ತು. 1937ರಲ್ಲಿ ಡೆಗ್ರೆಲ್ ತನ್ನ ಪಕ್ಷದ ಬ್ರಸೆಲ್ಸ್ ಸದಸ್ಯನಿಂದ ರಾಜೀನಾಮೆ ಕೊಡಿಸಿ, ಉಪಚುನಾವಣೆಯನ್ನು ತನ್ನ ಮೇಲಿನ ಜನಮತವಾಗಿಸಲು ಹೊರಟ. ಅವನೆದುರು ಪ್ರಧಾನಿ ಪೌಲ್ ಫಾನ್ ಜೀಲಾಂಡ್ ಸ್ವತಃ ನಿಂತರು. ಕ್ಯಾಥೊಲಿಕ್, ಲಿಬರಲ್, ಸಮಾಜವಾದಿ ಪಕ್ಷಗಳ ಜೊತೆಗೆ ಕಮ್ಯುನಿಸ್ಟರೂ ತಮ್ಮ ಅಭ್ಯರ್ಥಿಯನ್ನು ಹಾಕದೆ ಅವರನ್ನು ಬೆಂಬಲಿಸಿದರು; ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರು ಕಾರ್ಡಿನಲ್ ಫಾನ್ ರೋಯ್ ಅವರಂತೂ ಮತದಾನಕ್ಕೆ ಸ್ವಲ್ಪ ಮೊದಲು ಡೆಗ್ರೆಲ್‌ಗೆ ಮತ ಹಾಕುವುದನ್ನಷ್ಟೇ ಅಲ್ಲ, ಖಾಲಿ ಮತಪತ್ರ ಹಾಕುವುದನ್ನೂ ಬಹಿರಂಗವಾಗಿ ಖಂಡಿಸಿದರು. ಏಪ್ರಿಲ್ 11ರಂದು ಪ್ರಧಾನಿಗೆ ಸುಮಾರು ಶೇ. 76 ಮತ ಬಂದರೆ ಡೆಗ್ರೆಲ್‌ಗೆ ಸಿಕ್ಕಿದ್ದು ಶೇ. 19ರಷ್ಟು.

ಆದರೆ ಇದನ್ನು ಕೇವಲ ಸಜ್ಜನರ ಗೆಲುವೆಂದು ಪಾಠ ಮಾಡಬೇಡಿ. ಡೆಗ್ರೆಲ್ ಕೂಗಾಡುತ್ತಿದ್ದ ಹಣಕಾಸಿನ ಆರೋಪಗಳೆಲ್ಲವೂ ಪೊಳ್ಳಾಗಿರಲಿಲ್ಲ. ಬೆಲ್ಜಿಯಂನ ರಾಷ್ಟ್ರೀಯ ಬ್ಯಾಂಕಿಗೆ ಸಂಬಂಧಿಸಿದ ಹಗರಣದಿಂದಾಗಿ ಫಾನ್ ಜೀಲಾಂಡ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ಹಾಗಾದರೂ 1939ರ ಚುನಾವಣೆಯಲ್ಲಿ ರೆಕ್ಸ್ ಪಕ್ಷಕ್ಕೆ ಉಳಿದದ್ದು ನಾಲ್ಕೇ ಸ್ಥಾನ.