ವಿದೇಶಿ ಮಾರಾಟಗಾರ ದಿನ ತಳ್ಳುತ್ತಿದ್ದಾನೆ, ಕಾರ್ಡಿಗೆ ದುಡ್ಡು ವಾಪಸ್ ಬರುತ್ತಾ?

ಡೊಂಬಿವಲಿಯಿಂದ ಪ್ರಶ್ನೆ:
ತ್ರೀಡಿ ಪ್ರಿಂಟರಿನ ಹಾಟ್‌ಎಂಡ್ (ಪ್ಲಾಸ್ಟಿಕ್ ಕರಗಿಸುವ ಭಾಗ) ಚೀನಾದಿಂದ ತರಿಸಿದ್ದು. ವೀಸಾ ಕ್ರೆಡಿಟ್ ಕಾರ್ಡಿನಲ್ಲಿ ಪೂರ್ತಿ ದುಡ್ಡು ಕಟ್ಟಾಗಿದೆ. ಹೇಳಿದ ತಾರೀಖು ದಾಟಿ ತಿಂಗಳಾಯ್ತು. ಕೇಳಿದಾಗಲೆಲ್ಲ ‘ಇನ್ನು 20 ದಿನ’ ಅಂತಾರೆ. ಬ್ಯಾಂಕಿಗೆ ಈಗಲೇ ಬರೆಯಬಹುದಾ?

ಮಾಟುಂಗಾದಿಂದ:
ಮೊದಲು ಪಾರ್ಸೆಲ್ ಎಲ್ಲಿ ನಿಂತಿದೆ ನೋಡಿ ಸರ್. ಟ್ರ್ಯಾಕಿಂಗ್ ನಂಬರಿನಲ್ಲಿ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ‘ಸಿಎನ್’ ಇದ್ದರೆ ಅದು ಅಂಚೆ ನಂಬರು. ಇಂಡಿಯಾ ಪೋಸ್ಟ್ ಸೈಟಿನಲ್ಲೇ ಹಾಕಿ ನೋಡಿ. ಬಲ್ಲಾರ್ಡ್ ಎಸ್ಟೇಟಿನ ವಿದೇಶಿ ಅಂಚೆ ಕಚೇರಿಗೆ ಬಂದು ಕಸ್ಟಮ್ಸ್‌ನವರು ದಾಖಲೆ ಕೇಳಿದ್ದರೆ, ಅಥವಾ ಕೊರಿಯರ್‌ನವರು ಕೇಳಿದ ಕೆವೈಸಿ ನೀವು ಕೊಟ್ಟಿಲ್ಲದಿದ್ದರೆ, ಅದನ್ನು ಮೊದಲು ಮುಗಿಸಿ. ಇಲ್ಲದಿದ್ದರೆ ತಡ ನಿಮ್ಮ ಕಡೆಯದು ಅಂತ ಮಾರಾಟಗಾರ ಸುಲಭವಾಗಿ ತೋರಿಸ್ತಾನೆ.

ಪುಣೆಯಿಂದ:
ಚೀನಾ ಬಿಟ್ಟೇ ಇಲ್ಲ ಅಂತಾದರೆ ಕಾಯಬೇಡಿ. ಆ ‘20 ದಿನ’ ನೀವು ದೂರು ಕೊಡೋ ಗಡುವನ್ನೇ ತಿನ್ನುತ್ತೆ. ವೀಸಾ ನಿಯಮದಲ್ಲಿ ಸರಕು ಬರಬೇಕಿದ್ದ ದಿನದಿಂದ 120 ದಿನ ಸಿಗುತ್ತೆ, ಆದರೆ ದುಡ್ಡು ಕಟ್ಟಿದ ದಿನದಿಂದ 540 ದಿನ ಮೀರುವಂತಿಲ್ಲ. ಪೇಪಾಲ್ ಮೂಲಕ ಕಟ್ಟಿದ್ದರೆ ಲೆಕ್ಕವೇ ಬೇರೆ: ದುಡ್ಡು ಕಟ್ಟಿದ ದಿನದಿಂದ 180 ದಿನದೊಳಗೆ ಡಿಸ್ಪ್ಯೂಟ್ (ಮಾರಾಟಗಾರನ ಮೇಲೆ ತಕರಾರು), ಆಮೇಲೆ 20 ದಿನದೊಳಗೆ ಅದನ್ನು ಕ್ಲೇಮ್ (ಪೇಪಾಲೇ ತೀರ್ಮಾನಿಸೋ ದೂರು) ಮಾಡಬೇಕು. ‘ಡಿಸ್ಪ್ಯೂಟ್ ಕ್ಲೋಸ್ ಮಾಡಿ, ದುಡ್ಡು ಹಾಕ್ತೀವಿ’ ಅಂದರೆ ದಯವಿಟ್ಟು ಒಪ್ಪಬೇಡಿ. ಒಮ್ಮೆ ಮುಚ್ಚಿದ್ದು ಮತ್ತೆ ತೆರೆಯಲ್ಲ.

ಇವತ್ತೇ ಮಾರಾಟಗಾರನಿಗೆ ಇಂಗ್ಲಿಷಿನಲ್ಲಿ ಒಂದೇ ಸಾಲು ಕಳಿಸಿ: ತಾರೀಖು ಮೀರಿದೆ, ಆರ್ಡರ್ ಕ್ಯಾನ್ಸಲ್ ಮಾಡಿ ದುಡ್ಡು ಹಿಂದಿರುಗಿಸಿ. ಆ ಚಾಟ್, ಡೆಲಿವರಿ ತಾರೀಖು ಕಾಣುವ ಆರ್ಡರ್ ಪುಟ, ಟ್ರ್ಯಾಕಿಂಗ್ ಪುಟ ಮೂರರ ಸ್ಕ್ರೀನ್‌ಶಾಟ್ ಸೇರಿಸಿ ಬ್ಯಾಂಕಿಗೆ ಕೊಡಿ. ಫಾರ್ಮಿನಲ್ಲಿ ‘ಸರಕು ತಲುಪಿಲ್ಲ’ ಅನ್ನೋದಕ್ಕೇ ಟಿಕ್ ಹಾಕಿ. ‘ಈ ವ್ಯವಹಾರ ನನ್ನದಲ್ಲ’ ಅಂತ ಹಾಕಿದರೆ ಕಾರ್ಡ್ ಬ್ಲಾಕ್ ಆಗುತ್ತೆ, ಓಟಿಪಿ ದಾಖಲೆ ಇದ್ದರೆ ಅದನ್ನು ನೋಡಿ ದೂರೂ ತಿರಸ್ಕಾರವಾಗಬಹುದು.

ಡೊಂಬಿವಲಿಯಿಂದ:
ದೂರು ಕೊಟ್ಟ ಮೇಲೆ ಪಾರ್ಸೆಲ್ ಬಂದುಬಿಟ್ಟರೆ?

ಪುಣೆಯಿಂದ:
ಸೀಲ್ ಒಡೆಯಬೇಡಿ. ವಾಪಸ್ ಕಳಿಸ್ತೀನಿ, ವಿಳಾಸ ಕೊಡಿ ಅಂತ ಮಾರಾಟಗಾರನಿಗೆ ಬರೆದು ಬ್ಯಾಂಕಿಗೂ ತಿಳಿಸಿ. ಪ್ರಿಂಟರಿಗೆ ಜೋಡಿಸಿದರೆ ಸರಕು ಒಪ್ಪಿಕೊಂಡಂತೆ, ಕೇಸ್ ಮುಗೀತು.

ಮಾಟುಂಗಾದಿಂದ:
ಇನ್ನೊಂದು ಮಾತು. ಬ್ಯಾಂಕ್ ಮೊದಲು ಹಾಕೋದು ತಾತ್ಕಾಲಿಕ ಕ್ರೆಡಿಟ್. ಮಾರಾಟಗಾರ ಪುರಾವೆ ಕೊಟ್ಟರೆ ಹಿಂದಕ್ಕೆ ಹೋಗಬಹುದು, ಕೇಸ್ ಮುಗಿಯೋ ತನಕ ಆ ದುಡ್ಡು ಮುಟ್ಟಬೇಡಿ. ದೂರಿನ ನಂಬರು ಬರೆದಿಟ್ಟುಕೊಳ್ಳಿ; 30 ದಿನದಲ್ಲಿ ಬ್ಯಾಂಕ್ ಉತ್ತರ ಕೊಡದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ಕೇಳುವವರು) ಆರ್‌ಬಿಐಯ ದೂರಿನ ಸೈಟಾದ ಸಿಎಮ್‌ಎಸ್ ಪೋರ್ಟಲಿನಲ್ಲಿ ಹಾಕಬಹುದು, ಶುಲ್ಕ ಇಲ್ಲ.